ಹಳೇ ಟಾಕೀಸುಗಳಲ್ಲಿ ಪರದೆಯ ಮೂಲೆಯಲ್ಲಿ ಚುಕ್ಕೆ ಮಿಂಚುತ್ತಿದ್ದದ್ದು ಯಾಕೆ?

ಅದು ರೀಲಿನ ದೋಷ ಅಲ್ಲ, ಪ್ರೊಜೆಕ್ಟರ್ ನಡೆಸುವವರಿಗೆ ಇಟ್ಟ ಗುರುತು. 35 ಎಂಎಂ ಫಿಲ್ಮಿನ 2,000 ಅಡಿಯ ರೀಲು ಓಡುವುದು ಸುಮಾರು 20 ನಿಮಿಷ, ಅಷ್ಟೇ. ಅದಕ್ಕೇ ಕ್ಯಾಬಿನ್‌ನಲ್ಲಿ ಎರಡು ಪ್ರೊಜೆಕ್ಟರ್ ಇರುತ್ತಿದ್ದವು. ಒಂದು ಓಡುತ್ತಿರುವಾಗಲೇ ಇನ್ನೊಂದಕ್ಕೆ ಮುಂದಿನ ರೀಲು ಹಾಕಿ, ಬೆಳಕು ಕೊಡುವ ಕಾರ್ಬನ್ ಕಡ್ಡಿ ಹೊತ್ತಿಸಿ ಕಾಯಬೇಕು. ಬಲಗಡೆ ಮೇಲಿನ ಮೂಲೆಯಲ್ಲಿ ಮೊದಲ ಚುಕ್ಕೆ ಕಂಡರೆ ಎರಡನೆಯದರ ಮೋಟಾರ್ ಚಾಲೂ. ಸುಮಾರು 7 ಸೆಕೆಂಡಿಗೆ ಇನ್ನೊಂದು ಚುಕ್ಕೆ. ತಕ್ಷಣ ಮೊದಲ ಪ್ರೊಜೆಕ್ಟರಿನ ಬೆಳಕು ಮುಚ್ಚಿ ಎರಡನೆಯದರ ಬೆಳಕು ಬಿಡಬೇಕು. ಪ್ರತಿ ಚುಕ್ಕೆ ಬರೀ 4 ಫ್ರೇಮ್, ಅಂದರೆ ಸೆಕೆಂಡಿನ ಆರನೇ ಒಂದು ಭಾಗ! ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ, ಅಲ್ವಾ? ಹಾಲ್ ತುಂಬ ಜನ ಕಥೆಯಲ್ಲಿ ಮುಳುಗಿರುವಾಗ, ಸಣ್ಣ ಕಿಂಡಿಯಿಂದ ಆ ಮೂಲೆಯನ್ನೇ ನೋಡುತ್ತಾ ನಿಂತವರು ಅವರು. ಹಳೇ ಟಾಕೀಸು ಅಂದರೆ ನನಗೆ ಮೊದಲು ನೆನಪಾಗುವುದು ಆ ಕಿಂಡಿಯೇ.