ಸೊಟ್ಟಗಾದ ಕ್ರೋಮ್ ಬಂಪರ್: ಬೆಂಕಿ ಬೇಡ, ಜಾಕ್ ಸಾಕು

ಪ್ರಶ್ನೆ: ನಾನು ಟೆಕ್ಸಸ್‌ನಲ್ಲಿದ್ದೇನೆ. ನನ್ನ ಹತ್ತಿರ 1985ರ ಷೆವರ್ಲೆ ಸಿ10 ಪಿಕಪ್ ಇದೆ. ಗುಜರಿಯಲ್ಲಿ ಅದಕ್ಕೊಂದು ಮುಂದಿನ ಕ್ರೋಮ್ ಬಂಪರ್ ಸಿಕ್ಕಿತು. ಹೊಳಪು ಚೆನ್ನಾಗಿದೆ, ಆದರೆ ಎಡತುದಿ ಎರಡು ಇಂಚಿನಷ್ಟು ಹಿಂದಕ್ಕೆ ಬಾಗಿದೆ. ಕಾಯಿಸಿ ಬಡಿದರೆ ಸರಿಹೋಗುತ್ತೆ ಅಂತಾರೆ ಗೆಳೆಯರು. ಮಾಡಬಹುದಾ?

ಉತ್ತರ: ದಯವಿಟ್ಟು ಕಾಯಿಸಬೇಡಿ. ಬೆಂಕಿ ತಗುಲಿದ ಕಡೆ ಕ್ರೋಮ್ ಹಳದಿ, ನೀಲಿಗೆ ತಿರುಗುತ್ತದೆ. ನೀವು ಮೆಚ್ಚಿಕೊಂಡ ಹೊಳಪಿನ ಬಹುಪಾಲು ಅಡಿಯಲ್ಲಿರುವ ನಿಕ್ಕಲ್‌ನದು. ಅದರ ಮೇಲಿನ ಕ್ರೋಮ್ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತಲೂ (ಮಿಲಿಮೀಟರಿನ ಸಾವಿರದ ಒಂದು ಭಾಗ) ತೆಳ್ಳಗಿರುತ್ತದೆ. ಗಾಜಿನ ಬಳೆಯ ಹಾಗೆ ಅದು ಗಟ್ಟಿ, ಆದರೆ ಬಗ್ಗುವುದಿಲ್ಲ. ಸುತ್ತಿಗೆಯಲ್ಲಿ ಹೊಡೆದರೆ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ನೀರು ಇಳಿದು ತುಕ್ಕು ಶುರುವಾಗುತ್ತದೆ.

ಬಂಪರ್ ಮುಟ್ಟುವ ಮುಂಚೆ ಗಾಡಿಯನ್ನೇ ನೋಡಿ. ಹಳೇ ಬಂಪರ್ ಯಾಕೆ ಹೋಯಿತು? ಗುದ್ದಿಸಿಕೊಂಡು ಹೋಗಿದ್ದರೆ ಬಂಪರನ್ನು ಹಿಡಿದಿಡುವ ಬ್ರಾಕೆಟ್ಟು, ಚಾಸಿಯ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟು) ಮುಂದಿನ ತುದಿ ಎರಡೂ ಬಗ್ಗಿರಬಹುದು. ಚಾಸಿಯ ಮುಂದಿನ ಎಡತುದಿಯಿಂದ ಬಲಗಡೆ ಹಿಂದಿರುವ ಒಂದು ತೂತಿಗೆ ಅಳತೆ ಟೇಪು ಹಿಡಿಯಿರಿ, ಆಮೇಲೆ ಬಲತುದಿಯಿಂದ ಎಡಗಡೆಯ ಅದೇ ತೂತಿಗೆ. ಎರಡೂ ಅಳತೆ ಒಂದೇ ಬರಬೇಕು. ಬರದಿದ್ದರೆ ಮೊದಲು ಚಾಸಿ ರಿಪೇರಿ. ಇದನ್ನು ಬಿಟ್ಟು ಮುಂದೆ ಹೋದವರು ನೆಟ್ಟಗಿದ್ದ ಬಂಪರನ್ನೇ ಸೊಟ್ಟ ಮಾಡಿರುವುದನ್ನು ನೋಡಿದ್ದೇನೆ, ತುಂಬಾ ಬೇಜಾರಾಗುತ್ತದೆ. ಇನ್ನೊಂದು ಮಾತು: 1981ರಲ್ಲಿ ಈ ಗಾಡಿಯ ಮುಖ ಬದಲಾಯಿತು. ನಿಮಗೆ ಸಿಕ್ಕಿರುವುದು ಅದಕ್ಕಿಂತ ಹಿಂದಿನ ಬಂಪರ್ ಅಲ್ಲ ತಾನೇ?

ಈಗ ನೆಟ್ಟಗೆ ಮಾಡುವ ಕೆಲಸ. ಬಂಪರಿನ ಬೆನ್ನಿಗೆ ಉದ್ದಕ್ಕೂ ಗಟ್ಟಿ ಕಬ್ಬಿಣದ ತೊಲೆ ಇಡಿ. ನಡುಭಾಗವನ್ನು ತೊಲೆಗೆ ಸರಪಳಿಯಿಂದ ಬಿಗಿಯಿರಿ. ಸರಪಳಿ ಕ್ರೋಮಿಗೆ ತಾಗದಂತೆ ಹಳೇ ಕಂಬಳಿ ಮಡಿಸಿ ಹಾಕಿ. ಬಾಗಿದ ತುದಿಯ ಒಳಮೈಗೂ ತೊಲೆಗೂ ನಡುವೆ ಜಾಕ್ ಕೂರಿಸಿ. ಅಡ್ಡ ಮಲಗಿದರೂ ಕೆಲಸ ಮಾಡುವ ಜಾಕ್ ಆಗಿರಲಿ. ಒಳಮೈಗೆ ಒಪ್ಪುವ ಹಾಗೆ ಕೆತ್ತಿದ ಮರದ ತುಂಡು ಜಾಕ್‌ನ ತಲೆಗಿರಲಿ. ಸ್ವಲ್ಪ ಒತ್ತಿ, ನಿಲ್ಲಿಸಿ, ಜಾಕ್ ಇಳಿಸಿ, ತುದಿಯಿಂದ ತುದಿಗೆ ದಾರ ಎಳೆದು ನೋಡಿ. ಎರಡೂ ಕಡೆ ದಾರಕ್ಕೂ ಬಂಪರಿಗೂ ಇರುವ ಸಂದು ಒಂದೇ ಆಗಬೇಕು. ಉಕ್ಕು ಕೊಂಚ ವಾಪಸ್ ಬರುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ತುಸು ಜಾಸ್ತಿ ಒತ್ತಬೇಕಾಗುತ್ತದೆ. ಅವಸರ ಬೇಡ, ಅರ್ಧ ದಿನ ಹಿಡಿದರೆ ಹಿಡಿಯಲಿ. ಬಿಗಿದ ಸರಪಳಿಯ ನೇರಕ್ಕೆ ಮಾತ್ರ ನಿಲ್ಲಬೇಡಿ. "ಟಿಕ್" ಅಂತ ಸದ್ದು ಬಂದರೆ ಅಲ್ಲಿಗೆ ಬಿಡಿ, ಕ್ರೋಮ್ ಒಡೆಯುತ್ತಿರಬಹುದು. ಮಡಿಕೆ ಬಿದ್ದ ಜಾಗದಲ್ಲಿ ಅದು ಆಗಲೇ ಒಡೆದಿರುತ್ತದೆ, ಅದಕ್ಕೆ ಮರುಲೇಪನವೊಂದೇ ದಾರಿ. ಕ್ರೋಮನ್ನು ನೀವೇ ಗ್ರೈಂಡರಿನಲ್ಲಿ ಉಜ್ಜಬೇಡಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಮೇಲ್ಮೈಯ ತುಕ್ಕಿನ ಚುಕ್ಕೆಗೆ ಅಲ್ಯುಮಿನಿಯಂ ಫಾಯಿಲ್ ಉಂಡೆಯನ್ನು ನೀರಿನಲ್ಲಿ ಅದ್ದಿ ಮೆತ್ತಗೆ ಉಜ್ಜಿ. ಒಳಮೈಗೆ ತುಕ್ಕುನಿರೋಧಕ ಬಣ್ಣ ಹೊಡೆಯಿರಿ.

ಕೂರಿಸುವಾಗ ಒಬ್ಬರು ಜೊತೆಗಿರಲಿ. ಫೆಂಡರಿನ (ಮುಂದಿನ ಚಕ್ರದ ಮೇಲಿನ ತಗಡು) ಅಂಚಿಗೆ ಅಂಟುಟೇಪು ಅಂಟಿಸಿ. ಎಲ್ಲ ಬೋಲ್ಟನ್ನೂ ಮೊದಲು ಬೆರಳಲ್ಲಷ್ಟೇ ತಿರುಗಿಸಿ. ಬ್ರಾಕೆಟ್ಟಿನ ಉದ್ದ ತೂತುಗಳು ಇರುವುದೇ ಆಚೀಚೆ ಸರಿಸಲು. ಎರಡು ಫೆಂಡರಿನಿಂದಲೂ ಸಂದು ಅಳೆದು, ಸಮ ಬಂದ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಿಗಿಯಿರಿ. ಒಂದು ವಾರ ಓಡಿಸಿ, ಬೋಲ್ಟುಗಳನ್ನು ಇನ್ನೊಮ್ಮೆ ನೋಡಿ.