ಹಳೆಯ ಜೆಟ್ ಸ್ಕೀ (ನೀರಿನ ಮೇಲೆ ಓಡುವ ಸ್ಕೂಟರ್) ಸೈಲೆನ್ಸರ್ ತುಂಬಾ ಬಿಸಿಯಾಗುತ್ತಿದೆ, ಎರಡನೇ ನೀರಿನ ಲೈನ್ ಹಾಕಬಹುದೇ?

ಹಾಕಬೇಡಿ.

ತೊಂಬತ್ತರ ದಶಕದ ಟೂ ಸ್ಟ್ರೋಕ್ ಗಾಡಿ, ಸೈಲೆನ್ಸರ್ ಪೈಪ್ ಮುಟ್ಟಲಾಗದಷ್ಟು ಬಿಸಿ, ಅದಕ್ಕೇ ಜೆಟ್ ಪಂಪಿನಿಂದ (ನೀರನ್ನು ಹಿಂದಕ್ಕೆ ಚಿಮ್ಮಿ ಗಾಡಿ ಓಡಿಸುವ ಪಂಪ್) ಇನ್ನೊಂದು ದಪ್ಪ ಹೋಸ್ ಎಳೆದು ನೇರವಾಗಿ ಪೈಪಿಗೆ ನೀರು ಬಿಡಬೇಕು ಅಂತಿದ್ದೀರಿ, ಹೋಸ್ ಸೈಜ್ ಎಷ್ಟಿರಬೇಕು ಅಂತ ಕೇಳಿದ್ದೀರಿ. ನಾನು 2011ರಲ್ಲಿ ಮಾಡಿದ್ದೂ ಇದನ್ನೇ. ಆಗ ಶಾರ್ಜಾದಲ್ಲಿ ಎಸಿ ರಿಪೇರಿ ಕೆಲಸದಲ್ಲಿದ್ದೆ. ಕುಂದಾಪುರದ ಗೆಳೆಯನೊಬ್ಬನ ಜೊತೆ ಸೇರಿ ಹಳೆಯ ಯಮಾಹಾ ಸೂಪರ್‌ಜೆಟ್ ತೆಗೆದುಕೊಂಡಿದ್ದೆ. 701 ಸಿಸಿ, ಎರಡು ಸಿಲಿಂಡರ್. ಶುಕ್ರವಾರ ಬಂತೆಂದರೆ ಮಮ್ಜಾರ್ ಬೀಚ್ ಕಡೆ ಹೊರಟೆವು ಅಂತಲೇ ಲೆಕ್ಕ.

ಈ ಗಾಡಿಗಳಲ್ಲಿ ರೇಡಿಯೇಟರ್ ಇಲ್ಲ, ಬೇರೆ ವಾಟರ್ ಪಂಪೂ ಇಲ್ಲ. ಗಾಡಿಯನ್ನು ಮುಂದೆ ತಳ್ಳುವ ನೀರಿನಲ್ಲೇ ಸ್ವಲ್ಪ ಪಾಲು ಸಣ್ಣ ಹೋಸಿನಲ್ಲಿ ಇಂಜಿನಿಗೆ ಹೋಗುತ್ತದೆ. ಸಿಲಿಂಡರ್, ಹೆಡ್ ಸುತ್ತಿ ಸೈಲೆನ್ಸರ್ ಪೈಪಿನ ಹೊರ ಪದರಕ್ಕೆ ಬರುತ್ತದೆ. ಅಲ್ಲಿಂದ ಒಂದು ಪಾಲು ಬದಿಯ ತೂತಿನಿಂದ ಹೊರಗೆ ಚಿಮ್ಮುತ್ತದೆ (ನಾವು ಅದಕ್ಕೆ ಇಟ್ಟಿದ್ದ ಹೆಸರು ಇಲ್ಲಿ ಬರೆಯುವಂಥದ್ದಲ್ಲ). ಇನ್ನೊಂದು ಪಾಲು ಪೈಪಿನ ಒಳಗಿನ ಹೊಗೆಗೇ ಸೇರುತ್ತದೆ. ಹೊಗೆ ತಣ್ಣಗಾಗದಿದ್ದರೆ ಮುಂದಿನ ರಬ್ಬರ್ ಹೋಸ್, ವಾಟರ್ ಬಾಕ್ಸ್ (ಹೊಗೆ, ನೀರು ಎರಡೂ ಹಾದು ಹೊರಹೋಗುವ ಡಬ್ಬ) ಸುಟ್ಟುಹೋಗುತ್ತವೆ. ಈ ಎರಡನೇ ಪಾಲಿನ ದಾರಿಯಲ್ಲಿ ಒಂದು ಹಿತ್ತಾಳೆ ಜೆಟ್ ಇರುತ್ತದೆ, ಅಕ್ಕಿಕಾಳು ತೂರುವಷ್ಟು ಸಣ್ಣ ತೂತು.

ನಾನು ಆ ಜೆಟ್ಟನ್ನು ಕಿತ್ತೆಸೆದೆ. ಎರಡನೇ ಲೈನನ್ನು ಆ ಜಾಗಕ್ಕೇ ಕೊಟ್ಟೆ. ನೀರು ಜಾಸ್ತಿ ಆದಷ್ಟೂ ಒಳ್ಳೆಯದು ಅಲ್ವಾ ಅಂತ! ಎಸಿ ಮೆಕ್ಯಾನಿಕ್ ಬುದ್ಧಿ.

ಪೈಪ್ ತಣ್ಣಗಾಯಿತು. ಜೊತೆಗೆ ಗಾಡಿ ಸೋಮಾರಿಯಾಯಿತು. ಟೂ ಸ್ಟ್ರೋಕ್ ಸೈಲೆನ್ಸರ್ ಬರೀ ಹೊಗೆ ಕೊಳವೆ ಅಲ್ಲ. ಅದರೊಳಗೆ ಶಬ್ದದ ಅಲೆ ಹೋಗಿ, ಹೊರಟ ಪೆಟ್ರೋಲನ್ನು ಸರಿಯಾದ ಹೊತ್ತಿಗೆ ಸಿಲಿಂಡರಿಗೇ ವಾಪಸ್ ತಳ್ಳಬೇಕು. ಪೈಪ್ ತಣ್ಣಗಾದರೆ ಅಲೆ ನಿಧಾನ, ಉದ್ದದ ಪೈಪ್ ಹಾಕಿದಂತೆಯೇ ಲೆಕ್ಕ. ನಿಧಾನ ಓಟದಲ್ಲಿ ಎಳೆತ ಚೆನ್ನಾಗಿತ್ತು, ಮೇಲಿನ ವೇಗ ಸತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು.

ಅಸಲಿ ಎಡವಟ್ಟು ತೊಳೆಯುವಾಗ ಆಯಿತು. ಉಪ್ಪುನೀರಿನಿಂದ ಬಂದ ಮೇಲೆ ನಲ್ಲಿ ನೀರು ಬಿಟ್ಟು ಇಂಜಿನ್ ತೊಳೆಯಬೇಕು, ಗೊತ್ತಲ್ಲ. ಮೊದಲು ಇಂಜಿನ್ ಸ್ಟಾರ್ಟ್, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ, ಆಮೇಲೆ ಇಂಜಿನ್. ಇಂಜಿನ್ ಓಡುತ್ತಿದ್ದರೆ ಹೊಗೆಯ ಒತ್ತಡ ನೀರನ್ನು ಹೊರಗೆ ದಬ್ಬುತ್ತದೆ. ನಿಂತರೆ ದಬ್ಬುವವರು ಯಾರೂ ಇಲ್ಲ. ನಾನೋ, ನಲ್ಲಿ ಸಿಕ್ಕಿಸುವ ಬಾಯಿಯನ್ನು ಕೈಗೆ ಸಿಗಲಿ ಅಂತ ಹೊಸ ಲೈನಿಗೇ ಹಾಕಿದ್ದೆ. ಅವತ್ತು ಊರಿಂದ ಅಮ್ಮನ ಫೋನ್ ಬಂತು. ಗದ್ದಲ ಬೇಡ ಅಂತ ಇಂಜಿನ್ ಆಫ್ ಮಾಡಿದೆ. ನಲ್ಲಿ ಮರೆತೆ. ಎರಡೇ ನಿಮಿಷದ ಮಾತು.

ಹಳೆಯ ಜೋಡಣೆಯಲ್ಲೂ ಇದು ತಪ್ಪೇ. ಆದರೆ ಆ ಸಣ್ಣ ಜೆಟ್ ಇದ್ದರೆ ಪೈಪಿಗೆ ನೀರು ಹನಿಹನಿಯಾಗಿ ಇಳಿಯುತ್ತಿತ್ತು, ಉಳಿದದ್ದು ಬದಿಯ ತೂತಿನಿಂದ ಹೋಗುತ್ತಿತ್ತು. ನನ್ನದರಲ್ಲಿ ಪೂರ್ತಿ ನೀರು ನೇರ ಪೈಪಿಗೆ. ವಾಟರ್ ಬಾಕ್ಸ್ ತುಂಬಿತು, ಪೈಪ್ ತುಂಬಿತು, ಹೊಗೆ ಹೊರಬರುವ ಎಕ್ಸಾಸ್ಟ್ ಪೋರ್ಟಿನಿಂದ ಸಿಲಿಂಡರಿಗೆ ಇಳಿಯಿತು. ಎರಡು ಸಿಲಿಂಡರಿನಲ್ಲಿ ಒಂದರ ಪಿಸ್ಟನ್ ಕೆಳಗಿದ್ದರೆ ಇನ್ನೊಂದು ಮೇಲಿರುತ್ತದೆ. ಕೆಳಗಿದ್ದದ್ದರ ಪೋರ್ಟ್ ತೆರೆದಿತ್ತು, ಅದಕ್ಕೆ ನೀರು. ಇನ್ನೊಂದು ಒಣಗಿತ್ತು.

ಸ್ಟಾರ್ಟ್ ಒತ್ತಿದೆ. ಠಕ್. ನಿಂತಿತು. ಆ ಠಕ್ ಕೇಳಿದ ಮೇಲೆ ಪ್ಲಗ್ ಎರಡನ್ನೂ ಬಿಚ್ಚಿ, ಅವುಗಳ ವೈರ್ ಗ್ರೌಂಡ್ ಮಾಡಿ, ಇಂಜಿನ್ ತಿರುಗಿಸಿದ್ದರೆ ನೀರು ಕಾರಂಜಿಯಂತೆ ಹಾರಿ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಬ್ಯಾಟರಿ ವೀಕ್ ಅಂದುಕೊಂಡೆ. ಕಾರಿನ ಬ್ಯಾಟರಿ ತಂದು ಸಿಕ್ಕಿಸಿ ಮತ್ತೆ ಒತ್ತಿದೆ. ಒಣ ಸಿಲಿಂಡರ್ ಫೈರ್ ಆಯಿತು, ನೀರು ತುಂಬಿದ್ದರ ಪಿಸ್ಟನ್ ಆ ನೀರನ್ನು ಒತ್ತಲು ಹೋಗಿ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಗ್ಗಿತು. ನೀರು ಒತ್ತಿದರೆ ಕುಗ್ಗುವುದಿಲ್ಲವಲ್ಲ. ಇದರ ಕ್ರ್ಯಾಂಕ್ ಒತ್ತಿ ಜೋಡಿಸಿದ್ದು, ಬರೀ ರಾಡ್ ಬದಲಿಸಲು ಆಗುವುದಿಲ್ಲ. ಕ್ರ್ಯಾಂಕನ್ನೇ ಪ್ರೆಸ್‌ನಲ್ಲಿ ಬಿಚ್ಚಿ ಮತ್ತೆ ನೇರ ಮಾಡಬೇಕು. ಎರಡು ತಿಂಗಳ ಸಂಬಳ ಹೋಯಿತು. ಗೆಳೆಯ ಆರು ವಾರ ಮಾತಾಡಲಿಲ್ಲ.

ಇಂಜಿನ್ ಬಿಚ್ಚಿದ ಮೆಕ್ಯಾನಿಕ್, ಕಾಸರಗೋಡಿನ ಕಾಕ, ಹಳೆಯ ಲೈನಿನ ಹೋಸನ್ನು ಕೈಯಲ್ಲಿ ಹಿಡಿದು ಊದಿದರು. ಗಾಳಿಯೇ ಹೋಗಲಿಲ್ಲ. ತಟ್ಟಿದಾಗ ಮರಳು, ಚಿಪ್ಪಿನ ಚೂರು, ಗಟ್ಟಿಯಾದ ಉಪ್ಪು ಬಿತ್ತು. "ನೀರು ಕಮ್ಮಿ ಇರಲಿಲ್ಲ ಮಾರಾಯ, ದಾರಿ ಇರಲಿಲ್ಲ" ಅಂದರು.

ಅದಕ್ಕೇ ಹೇಳುವುದು, ಹೋಸ್ ಸೈಜ್ ಎಷ್ಟಿರಬೇಕು ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. ಹೊಸದಾಗಿದ್ದಾಗ ಅದೇ ಒಂದು ಲೈನಿನಲ್ಲಿ ಗಾಡಿ ತಣ್ಣಗೇ ಓಡುತ್ತಿತ್ತು. ಬದಲಾದದ್ದು ಒಳಗೆ ಕಟ್ಟಿದ ಉಪ್ಪು. ಪಂಪಿನ ಹತ್ತಿರ ನೀರು ಒಳಹೋಗುವ ಜಾಗದಿಂದ ಶುರು ಮಾಡಿ ಒಂದೊಂದೇ ಹೋಸ್ ಬಿಚ್ಚಿ ಎರಡೂ ಕಡೆಯಿಂದ ಗಾಳಿ ಹೊಡೆಯಿರಿ. ಪೈಪಿನ ಹೊರ ಪದರಕ್ಕೆ ವಿನೆಗರ್ ತುಂಬಿ ರಾತ್ರಿಯಿಡೀ ಬಿಡಿ. ಸುಮ್ನೆ ಪರೀಕ್ಷೆಗೆ ಅಂತ ನೆಲದ ಮೇಲೆ ನೀರಿಲ್ಲದೆ 15 ಸೆಕೆಂಡಿಗಿಂತ ಜಾಸ್ತಿ ಓಡಿಸಬೇಡಿ.

ಇಂಜಿನ್ ಪವರ್ ಹೆಚ್ಚಿಸಿ ರೇಸಿಗೆ ಇಳಿಯುವವರು ಎರಡನೇ ಲೈನ್ ಹಾಕುತ್ತಾರೆ, ನಿಜ. ಅವರು ಅದನ್ನು ಕೊಡುವುದು ಇಂಜಿನ್ನಿಗೆ, ಪೈಪಿನೊಳಗಿನ ಹೊಗೆಗಲ್ಲ. ಹೊಗೆಗೆ ಹೋಗುವ ಜೆಟ್ ಇದ್ದ ಹಾಗೇ ಇರಲಿ, ದೊಡ್ಡದು ಮಾಡಬೇಡಿ, ಮುಚ್ಚಲೂ ಬೇಡಿ.

ಎಲ್ಲಾ ಜೋಡಿಸಿದ ಮೇಲೆ ನೀರಿಗಿಳಿಸಿ, ಆ ಬದಿಯ ತೂತಿನಿಂದ ನೀರು ಎಷ್ಟು ದೂರ ಹಾರುತ್ತದೆ ನೋಡಿ. ನಮ್ಮದು ಮೊದಲು ಗಾಡಿಯ ಮೈಮೇಲೇ ಸುರಿಯುತ್ತಿತ್ತು. ಕಾಕ ಕ್ಲೀನ್ ಮಾಡಿದ ದಿನ ಪಕ್ಕದಲ್ಲಿ ನಿಂತಿದ್ದ ಗೆಳೆಯನ ಶರ್ಟ್ ಒದ್ದೆಯಾಯಿತು. ಆರು ವಾರದ ಮೇಲೆ ಅವನು ಬಾಯಿಬಿಟ್ಟದ್ದು ಆಗಲೇ, ಅದೂ ನನ್ನನ್ನು ಬೈಯಲು.