ಟಿ.ಸಿ.ಗೆ ಅರ್ಜಿ ಕೊಡುವ ಮೊದಲು

ಪ್ರಶ್ನೆ: ನಾವು ಸುರತ್ಕಲ್ ಕಡೆಯವರು. ಮಗ ನಾಲ್ಕನೇ ತರಗತಿ. ಯಕ್ಷಗಾನ ನೋಡಿ ಬಂದರೆ ಇಡೀ ಪ್ರಸಂಗವನ್ನು ಬಾಯಲ್ಲೇ ಹೇಳುತ್ತಾನೆ. ಬರೆಯಲು ಕೂತರೆ ‘ಅಕ್ಕ’ ಹೋಗಿ ‘ಅಕ’ ಆಗುತ್ತದೆ. ಮನೆಯಲ್ಲಿ ತುಳು ಮಾತಾಡುವುದೇ ಕಾರಣ ಎನ್ನುತ್ತಿದ್ದ ಶಾಲೆಯವರು ಈಗ ಟಿ.ಸಿ. ತೆಗೆದುಕೊಂಡು ವಿಶೇಷ ಶಾಲೆಗೆ ಸೇರಿಸಿ ಎನ್ನುತ್ತಿದ್ದಾರೆ. ಯಜಮಾನರು ದೂರು ಕೊಡಲು ಹೊರಟಿದ್ದಾರೆ. ನಾಳೆ ಮಗ ಅದೇ ಟೀಚರ ಎದುರು ಕೂರಬೇಕಲ್ಲ ಎಂಬ ಭಯ ನನಗೆ.

ಉತ್ತರ: ಟಿ.ಸಿ.ಗೆ ಅರ್ಜಿ ಮಾತ್ರ ಬರೆದುಕೊಡಬೇಡಿ. ನಿಮ್ಮ ಸಹಿಯ ಅರ್ಜಿ ಕಡತ ಸೇರಿದರೆ, ನಾಳೆ ಯಾರು ಕೇಳಿದರೂ ಪೋಷಕರೇ ಬಿಡಿಸಿಕೊಂಡು ಹೋದರು ಎಂಬ ಉತ್ತರ ಸಿದ್ಧವಾಗಿರುತ್ತದೆ. ತುಳುವಿನ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ; ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಎಂದು ಬೆಳೆದವರು ನಮ್ಮೂರಲ್ಲಿ ಎಷ್ಟು ಮಂದಿಯಿಲ್ಲ, ಆ ಶಾಲೆಯ ಶಿಕ್ಷಕರೂ ಅವರಲ್ಲಿರಬಹುದು.

ನೀವು ಬರೆದ ಲಕ್ಷಣಗಳು ನಿರ್ದಿಷ್ಟ ಕಲಿಕಾ ನ್ಯೂನತೆಯ (ಬುದ್ಧಿ ಚುರುಕಾಗಿದ್ದರೂ ಓದು, ಬರಹ ಅಥವಾ ಲೆಕ್ಕದಲ್ಲಿ ಮಾತ್ರ ತೊಡಕಾಗುವ ಸ್ಥಿತಿ) ಕಡೆಗೆ ಬೆರಳು ತೋರುತ್ತವೆಯಾದರೂ ಪತ್ರ ಓದಿ ಅದನ್ನು ನಿರ್ಧರಿಸುವಂತಿಲ್ಲ. ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ಮೊದಲು ಮಕ್ಕಳ ತಜ್ಞರನ್ನು ಕಂಡು, ಅವರ ಸಲಹೆಯಂತೆ ಕ್ಲಿನಿಕಲ್ ಸೈಕಾಲಜಿಸ್ಟರಿಂದ ಬುದ್ಧಿಮಟ್ಟದ ಮತ್ತು ಕಲಿಕೆಯ ಪರೀಕ್ಷೆ ಮಾಡಿಸಿ. ಎಂಟು ವರ್ಷ ತುಂಬಿದ ಮಕ್ಕಳಿಗೆ ಈ ನ್ಯೂನತೆಯ ಪ್ರಮಾಣಪತ್ರ ಕೊಡಲು ಅವಕಾಶವಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಇದೂ ಒಂದು. ಮಾನ್ಯತೆ ಪಡೆದ ಶಾಲೆಗಳಲ್ಲಿ ಇಂಥ ಮಕ್ಕಳನ್ನು ಬೇಗ ಗುರುತಿಸಿ ಅವರಿಗೆ ತಕ್ಕಂತೆ ಕಲಿಸಬೇಕು ಎನ್ನುವುದು ಅದರ 16ನೇ ಕಲಮಿನ ಆಶಯ.

ಆದರೆ ಈ ಕಲಮನ್ನು ಮೊದಲ ಭೇಟಿಯಲ್ಲೇ ಮೇಜಿನ ಮೇಲೆ ಕುಕ್ಕಬೇಡಿ. ಮೂವತ್ತು–ನಲವತ್ತು ಮಕ್ಕಳನ್ನು ಒಬ್ಬರೇ ಸಂಭಾಳಿಸುವ ಟೀಚರಿಗೆ ‘ನನ್ನ ಮಗನನ್ನು ಚೆನ್ನಾಗಿ ನೋಡಿಕೊಳ್ಳಿ’ ಎಂದರೆ ಏನು ಮಾಡಬೇಕೆಂದೇ ತೋಚುವುದಿಲ್ಲ. ಬೋರ್ಡಿನಿಂದ ನಕಲು ಮಾಡಿಸುವುದರ ಬದಲು ನೋಟ್ಸಿನ ಪ್ರತಿ ಕೊಡಲಿ, ಸಮಾಜ ಮತ್ತು ವಿಜ್ಞಾನದ ಉತ್ತರಗಳನ್ನು ಬಾಯಲ್ಲಿ ಕೇಳಲಿ, ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಸಮಯ ಸಿಗಲಿ: ಇಷ್ಟನ್ನೇ ಕೇಳಿ. ಅವನ ಕೆಂಪು ಗೆರೆಗಳ ನೋಟ್‌ಬುಕ್ಕಿನ ಜೊತೆಗೆ, ಅವನು ಪ್ರಸಂಗ ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ ಕೇಳಿಸಿ. ಮನೆಗೆ ಬಂದ ದಿನವೇ ಮಾತಾಡಿದ್ದನ್ನೆಲ್ಲ ಪತ್ರದಲ್ಲಿ ಬರೆದು, ಶಾಲಾ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಈ ಪತ್ರ ಬರೆಯುವ ಕೆಲಸವನ್ನು ನಿಮ್ಮ ಯಜಮಾನರಿಗೇ ಒಪ್ಪಿಸಿ, ಅವರ ಸಿಟ್ಟಿಗೂ ಒಂದು ದಾರಿಯಾಗುತ್ತದೆ. ಹದಿನೈದು ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ ಅದೇ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೂ, ಅಲ್ಲಿಯೂ ಆಗದಿದ್ದರೆ ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೂ ಅವರು ಕಳುಹಿಸಲಿ.